ನೀನು ಕೊಚ್ಚದೆ ಬಿಟ್ಟ ವೈರು

ಶಿವಕುಮಾರ,

ಮೊಮ್ಮಗಳ ಗಂಡನೆಂದು ಇಲ್ಲಿಯವರೆಗೆ ನೀವು, ತಾವು ಎನ್ನುತ್ತಿದ್ದೆ. ಆ ಮರ್ಯಾದೆಯನ್ನು ನೀನೇ ಸೊಪ್ಪಿನ ದಿಮ್ಮಿಯ ಮೇಲಿಟ್ಟು ಕೊಚ್ಚಿಹಾಕಿದೆ. ಜಾಮೀನಿನ ಮೇಲೆ ಹೊರಗೆ ಬಂದವನೇ, ನಯನಾಳನ್ನು ವಾಪಸ್ ಕಳಿಸಿ ಎಂದು ನಿನ್ನ ದೊಡ್ಡಪ್ಪನ ಕೈಲಿ ಹೇಳಿಕಳಿಸಿದ್ದೀಯಲ್ಲ, ಮಾಗಡಿಯಿಂದ ನನ್ನ ಉತ್ತರ ಇದು. ನಾಲ್ಕನೇ ಕ್ಲಾಸಿನ ಅಕ್ಷರ, ಕಷ್ಟಪಟ್ಟು ಓದಿಕೋ.

ಮನೆಯಿಂದಲೇ ಮಾಡುವ ಆಫೀಸ್ ಕೆಲಸ ಬಿಡು ಎಂದೆ ನೀನು, ಅವಳು ಬಿಡಲಿಲ್ಲ. ಮೊದಲು ಅವಳ ಫೋನನ್ನು ಒರಳುಕಲ್ಲಿಗೆ ಬಡಿದೆ. ಆಮೇಲೆ ಜಡೆ ಹಿಡಿದು ರೇಷ್ಮೆಹುಳದ ಮನೆಗೆ ಎಳೆದೊಯ್ದು, ಅವಳ ಕಣ್ಣೆದುರೇ ಲ್ಯಾಪ್‌ಟಾಪಿನ ಚಾರ್ಜರನ್ನು ಮಚ್ಚಿನಿಂದ ತುಂಡು ತುಂಡು ಮಾಡಿದೆ. "ಸಾಯಂಕಾಲಕ್ಕೆ ನಿನ್ ಲ್ಯಾಪ್‌ಟಾಪ್ ಸಾಯ್ತದೆ. ಬಂದ್ಮೇಲೆ ನಿನ್ ಸರದಿ ಕಣೆ" ಎಂದು ತುಟಿ ಸೀಳುವಂತೆ ಬಾರಿಸಿ, ಅವಳನ್ನು ಮನೆಯೊಳಗೆ ತಳ್ಳಿ ಬೀಗ ಜಡಿದು, ರಾಮನಗರಕ್ಕೆ ರೇಷ್ಮೆಗೂಡು ಮಾರಲು ಹೋದೆ.

ಮೇಜಿನ ಮೇಲಿದ್ದ ದೊಡ್ಡ ಪರದೆಯನ್ನು ಮಾತ್ರ ಮುಟ್ಟಲಿಲ್ಲ. ಅವಳ ಆಫೀಸಿನವರು ಕೊಟ್ಟ ಮಾನಿಟರ್ ಅದು. ನಿನಗೆ ಕ್ರಿಕೆಟ್ ನೋಡುವ ಟಿವಿ. ಮ್ಯಾಚ್ ತಪ್ಪಬಾರದೆಂದು ಇಂಟರ್ನೆಟ್ಟನ್ನೂ ಉಳಿಸಿದೆ. ಪರದೆಗೂ ಲ್ಯಾಪ್‌ಟಾಪಿಗೂ ನಡುವಿನ ವೈರು ಬರೀ ಚಿತ್ರಕ್ಕೆ ಎಂದುಕೊಂಡೆ ನೀನು. ಚಿತ್ರ ಪರದೆಗೆ ಹೋಗುವ ವೈರಿನಲ್ಲೇ ಕರೆಂಟು ಲ್ಯಾಪ್‌ಟಾಪಿಗೆ ಬರುತ್ತದೆ ಕಣೋ. ಆರಿಹೋಗುತ್ತಿದ್ದ ಲ್ಯಾಪ್‌ಟಾಪಿಗೆ ನಯನಾ ಅದನ್ನು ಸಿಕ್ಕಿಸಿದಳು. ಕೆಚ್ಚಲಿಗೆ ಬಾಯಿಟ್ಟ ಕರುವಿನ ಹಾಗೆ ಅದು ಚೇತರಿಸಿಕೊಂಡಿತು. ಜೊತೆಯಲ್ಲಿ ಕೆಲಸ ಮಾಡುವ ಅಸ್ರಾಳಿಗೆ ಬರೆದಳು: "ಬೀಗ ಹಾಕವ್ನೆ. ವಾಪಸ್ ಬಂದ್ರೆ ಕೊಂದಾಕ್ತಾನೆ."

ಅಸ್ರಾ ಪೊಲೀಸರಿಗೂ ಹೇಳಿದಳು, ನನಗೂ ಹೇಳಿದಳು. ಪೊಲೀಸ್ ಜೀಪಿಗಿಂತ ಮೊದಲು ನಾನು ಹತ್ತಿದ ಆಟೋ ನಿಮ್ಮೂರು ಕೂಟಗಲ್ ಸೇರಿತು. ಬೀಗ ಒಡೆದದ್ದು ನಾನೇ, ನಿನ್ನ ಒರಳಿನ ಗುಂಡುಕಲ್ಲಿನಿಂದಲೇ. ಅಷ್ಟರಲ್ಲಿ ಬಂದ ನೀನು "ಏಯ್ ಮುದ್ಕಿ, ಅಡ್ಡ ಬರ್ಬೇಡ" ಎಂದೆ. ಹುಳದ ಮನೆಯಲ್ಲಿ ನೀನು ಬಿಟ್ಟುಹೋಗಿದ್ದ ಮಚ್ಚು ಆಗ ನನ್ನ ಕೈಯಲ್ಲಿತ್ತು. "ಬಾ ಕಣ್ಲಾ, ಮದ್ವೆ ಆದಾಗಿಂದ ಹುಳಕ್ಕೆ ಸೊಪ್ಪು ಕೊಚ್ಚಿರೋ ಕೈ ಇದು" ಎಂದೆ ನಾನು. ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋದೆ ನೀನು, ಬಂದು ನಿಂತ ಜೀಪಿಗೆ ಬೆನ್ನು ತಾಗುವವರೆಗೆ.

ಪರದೆಯನ್ನು ನನ್ನ ಹಳೇ ಸೀರೆಯಲ್ಲಿ ಸುತ್ತಿ ತಂದಿದ್ದೇವೆ. ಅದೀಗ ನನ್ನ ಮಂಚದ ಪಕ್ಕದಲ್ಲೇ ಇದೆ. ಅವಳ ತುಟಿಯ ಹೊಲಿಗೆ ಇನ್ನೂ ಬಿಚ್ಚಿಲ್ಲ, ಆದರೂ ಆ ಪರದೆಯ ಮುಂದೆ ಕೂತು ಕೆಲಸ ಮಾಡುತ್ತಿದ್ದಾಳೆ. ಅವಳು ಬರುವುದಿಲ್ಲ. ನಿನ್ನ ಮಚ್ಚು ಸ್ಟೇಷನ್ನಿನಲ್ಲಿದೆ ಎಂದು ನೀನು ಧೈರ್ಯ ಮಾಡಬೇಡ, ನಮ್ಮ ಮನೆಯಲ್ಲೂ ಒಂದಿದೆ. ಬಂದರೆ ಬಾಗಿಲು ತೆರೆದೇ ಇರುತ್ತದೆ. ನೀನು ಒಳಗೆ ಬಂದ ಮೇಲೆ ಬೀಗ ಹಾಕುವವಳು ನಾನು.

ಆಯಸ್ಸು ಗಟ್ಟಿಯಾಗಿರಲಿ ನಿನಗೆ. ಆ ಖಾಲಿ ಮೇಜನ್ನು ನೋಡಿಕೊಂಡು ಬಹಳ ಕಾಲ ಬದುಕು.

ನಯನಾಳ ಅಜ್ಜಿ,
ಮಾರಕ್ಕ