ದ್ವೀಪದಿಂದ ಬಾರದ ಕಾಕಾನಿಗೆ

ನನ್ನ ಕಾಕಾ,

ಇದನ್ನು ನೀನು ಓದಿದರೆ ಗಂಡ ಬದುಕಿದ್ದಾನೆಂದು ಕಾಕು ಹೇಳಿದ್ದೇ ಖರೆ, ಇಲ್ಲದಿದ್ದರೆ ತಮ್ಮ ಹೋದನೆಂದು ಅಪ್ಪ ಹೇಳಿದ್ದು. ಎರಡು ವರ್ಷದಿಂದ ಮನೆಯಲ್ಲಿ ಇದೇ ಜಗಳ.

ನಾನು ಸಣ್ಣವಳಿದ್ದಾಗ, ಪುಣೆಯಲ್ಲಿ ಕರೆಂಟು ಹೋದ ಸಂಜೆಗಳಲ್ಲಿ ನೀನು ದ್ವೀಪಗಳ ಕಥೆ ಹೇಳುತ್ತಿದ್ದೆ. ಹಡಗು ಒಡೆದು ದಂಡೆಗೆ ಬಿದ್ದವರು ಹಸಿದು ಸತ್ತ ದ್ವೀಪ, ದೀಪಸ್ತಂಭ ಕಾಯುವವರು ಮಾಯವಾದ ದ್ವೀಪ. "ಒಲಿ ಮ್ಯಾಲೆ ಅನ್ನ ಕುದೀಲಿಕ್ಹತ್ತಿತ್ತು, ಉಣ್ಣಾವ್ರು ಮಾತ್ರ ಇರಲಿಲ್ಲ." ಎಲ್ಲಿ ಹೋದರು ಎಂದು ಕೇಳಿದರೆ ನಗುತ್ತಿದ್ದೆ. ಮುಂದೆ ಹವಾಮಾನ ಕಚೇರಿಯವರು ನಿಕೋಬಾರಿಗೆ ವರ್ಗ ಮಾಡಿದಾಗ, ಎಲ್ಲರೂ ಒಲ್ಲೆ ಎಂದ ಜಾಗಕ್ಕೆ ನೀನು ಕುಣಿಯುತ್ತ ಹೋದೆಯಲ್ಲ, ನಿನಗೆ ಏನನ್ನಬೇಕು?

ಸುನಾಮಿ ಬಂದ ಆ ಭಾನುವಾರ... ನಿನ್ನ ಕ್ವಾರ್ಟರ್ಸ್ ಬುಡಸಮೇತ ಹೋಯಿತು ಅಂದರು. ನಿನ್ನ ದೇಹ ಸಿಗಲಿಲ್ಲ. ದರ್ಭೆಯಿಂದ ನಿನ್ನ ಬೊಂಬೆ ಮಾಡಿ ಸುಟ್ಟು ಕ್ರಿಯೆ ಮುಗಿಸೋಣ, ಇಲ್ಲದಿದ್ದರೆ ತಮ್ಮನಿಗೆ ಗತಿಯಿಲ್ಲ ಎಂದು ಅಪ್ಪನ ಸಂಕಟ. ಆ ಮಾತು ಬಂದಾಗಲೆಲ್ಲ ಕಾಕು ಎದ್ದು ಹೋಗುತ್ತಿದ್ದಳು.

ಮೊನ್ನೆ ಅಪ್ಪ ಹಟ ಹಿಡಿದು ಆಚಾರ್ಯರನ್ನು ಕರೆಸಿಯೇ ಬಿಟ್ಟರು. ಮುಠಾ ನದಿಯ ಘಾಟಿನಲ್ಲಿ ಕಟ್ಟಿಗೆಯ ಮೇಲೆ ಬೊಂಬೆ ಮಲಗಿತ್ತು, ಅಪ್ಪ ಕೊಳ್ಳಿ ಹಿಡಿದಿದ್ದರು. ಯಾರೂ ಕರೆಯದೆ ಕಾಕು ರಿಕ್ಷಾ ಮಾಡಿಕೊಂಡು ಬಂದಳು. ನೇರ ನಡೆದು ಬಂದು ಬೊಂಬೆಗೆ ಅಡ್ಡ ನಿಂತಳು.

"ಆಚಾರ್ರ, ಇದನ್ನ ಸುಟ್ಟ ಮ್ಯಾಲೆ ಅವರು ಬಂದ್ರ?"

ಆಚಾರ್ಯರು ತಡವರಿಸಿದರು. "ಅದಕ್ಕೂ ಶಾಸ್ತ್ರ ಅದ ರೀ ಅಮ್ಮಾ. ಹೊಸದಾಗಿ ಹುಟ್ಟಿದಂಗ. ತುಪ್ಪದಾಗ ಮೀಸಿ, ಹೆಸರಿಟ್ಟು, ಮುಂಜಿವಿ ಮಾಡಬೇಕು. ಆಮ್ಯಾಲೆ ತನ್ನ ಹೆಂಡತಿನ್ನೇ ಮತ್ತ ಮದುವಿ ಆಗಬೇಕು."

"ಖರೇನ?"

"ಖರೇ ರೀ."

ಕಾಕು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಆಕೆ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಪಕ್ಕಕ್ಕೆ ಸರಿದು, "ಹಚ್ರಿ, ಭಾವನವರ," ಅಂದಳು. ಅಪ್ಪ ಮುಖ ತಿರುಗಿಸಿ ಕೊಳ್ಳಿ ಇಟ್ಟರು. ನಿನ್ನ ಮೇಲೆ ನನಗೆ ಭಾರಿ ಸಿಟ್ಟು ಬಂದಿತ್ತು ಕಾಕಾ, ಅಷ್ಟೇ ನೆನಪೂ ಆಗಿತ್ತು.

ನಿನ್ನೆಯ ಸುದ್ದಿ ಕೇಳು. ಕಾಕು ತನ್ನ ಮದುವೆಯ ಸೀರೆಗೆ ಬಿಸಿಲು ತೋರಿಸಿ, ಮಡಚಿ, ಟ್ರಂಕಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟಳು. ಇದೇನೆಂದು ಕೇಳಿದೆ.

"ಬಂದ್ರ ಒಪ್ಕೋತೀನಿ," ಅಂದಳು. "ಆದ್ರ ಮೊದಲ ಹೇಳಿಬಿಡ್ತೀನಿ. ಸಮುದ್ರದ ಕಡೆ ವರ್ಗ ತೊಗೊಳ್ಳೋ ವರ ಈ ಸಲ ನಂಗ ಬ್ಯಾಡ."