ಅವಳು ಬಸ್ಸು ಹತ್ತಿದಳೋ ಇಲ್ಲವೋ

9 ನವೆಂಬರ್ 2025, ಭಾನುವಾರ ರಾತ್ರಿ, ವಕ್ಕಲೇರಿ

ಆದಿಲಕ್ಷ್ಮಕ್ಕ, ಮಂಡಿ ನೋವು ಹೇಗಿದೆ? ಲಕ್ಕೂರಲ್ಲಿ ಮಗಳ ಮನೆ ನಿನಗೆ ಒಗ್ಗಿತಾ? ಮೊಮ್ಮಗಳು ರಜನಿಗೆ ಕೆಮ್ಮು ಬಿಟ್ಟಿತಾ? ಫೋನಿನಲ್ಲಿ ನಿನಗೆ ಮಾತು ಕೇಳಿಸಲ್ಲ, ಅದಕ್ಕೇ ಈ ಡೈರಿಯಲ್ಲೇ ನಿನ್ನ ಹತ್ತಿರ ಮಾತಾಡ್ತಾ ಕೂತಿದೀನಿ.

ಮಧ್ಯಾಹ್ನ ಟಿವಿಯಲ್ಲಿ ನಮ್ಮ ಆ ಸಿನಿಮಾ ಬಂತು, ಓದೋಕೆ ಅಂತ ಊರು ಬಿಡೋ ಹುಡುಗಿಯದು. ಚಿಕ್ಕವರಿದ್ದಾಗ ತಾಯಲೂರಿನ ಟೆಂಟಿನಲ್ಲಿ ಮರಳು ಗುಡ್ಡೆ ಮಾಡಿಕೊಂಡು ಕೂತು ನೋಡಿದ್ದೆವಲ್ಲ. ಅವಳು ಟ್ರಂಕು ಹಿಡಿದು ಬಸ್ಸಿಗೆ ನಿಂತಿದ್ದಾಳೆ, ಅಪ್ಪ ಸೈಕಲ್ ತುಳಿದುಕೊಂಡು ಬರ್ತಾ ಇದಾನೆ, ಅಷ್ಟರಲ್ಲಿ ಬಿರುಗಾಳಿಗೆ ಟೆಂಟೇ ನಮ್ಮ ತಲೆ ಮೇಲೆ ಬಿತ್ತು. ಕೊನೆಗೆ ಏನಾಯಿತೋ ಇವತ್ತಿಗೂ ಇಬ್ಬರಿಗೂ ಗೊತ್ತಿಲ್ಲ.

“ಎಕ್ಕೇಸಿಂದಿ ಲೇ, ಹತ್ತೇಬಿಟ್ಟಳು,” ಅಂತ ನೀನು. “ಅಪ್ಪನ ಮುಖ ನೋಡಿದ ಮೇಲೆ ಹೆಂಗೆ ಹತ್ತುತ್ತಾಳೆ? ವಾಪಸ್ ಬಂದಳು,” ಅಂತ ನಾನು. ಯಾರ ಮದುವೆಯಲ್ಲಿ ಸಿಕ್ಕರೂ ನಮ್ಮದು ಇದೇ ಜಗಳ.

ಇವತ್ತೂ ಅವಳು ಟ್ರಂಕು ಎತ್ತಿದಾಗ, ಆಗಿನ ಹಾಗೇ ನಿನ್ನ ತೋಳು ಹಿಡಿಯೋಕೆ ಪಕ್ಕಕ್ಕೆ ತಿರುಗಿದೆ. ಚಾಪೆ ಖಾಲಿ. ಬಸ್ಸು ಬಂದು ನಿಂತಿತು. ನಾನು ಟಿವಿ ಆರಿಸಿಬಿಟ್ಟೆ. ಕೊನೆ ಗೊತ್ತಾದರೆ ನಮ್ಮ ಜಗಳ ಮುಗಿದುಹೋಗುತ್ತೆ ಅಕ್ಕ, ಆಮೇಲೆ ನಿನ್ನ ಹತ್ತಿರ ಏನಂತ ಮಾತು ತೆಗೀಲಿ?

ಬೆಳಿಗ್ಗೆ ಈ ಹಾಳೆ ಹರಿದು ಅಂಚೆಗೆ ಹಾಕ್ತೀನಿ. ರಜನಿ ಕೈಲಾದರೂ ಎರಡು ಸಾಲು ಬೇಗ ಬರೆಸು. ಇವತ್ತು ಟಿವಿಯಲ್ಲಿ ನೀನು ಕೊನೆವರೆಗೂ ನೋಡಿದ್ದರೆ ಅದನ್ನು ಮಾತ್ರ ಹೇಳಬೇಡ. ಹತ್ತೇಬಿಟ್ಟಳು ಅಂತ ಎಂದಿನ ಹಾಗೆ ಬೈದು ಬರೆ, ಸಾಕು.