ಪೌಡರ್ ಡಬ್ಬಿಯ ತಗಡು

ಮನೆಯ ಮೆಟ್ಟಿಲ ಮೇಲಿಂದ,
ಭಾನುವಾರ, ಮಾರ್ಚ್ ೯, ಇಳಿಹೊತ್ತು

ಪ್ರೀತಿಯ ತಮ್ಮ ಚಿಕ್ಕೋನೇ,

ಹೇಗಿದ್ದೀಯ? ಸೊಂಟನೋವು ಕಮ್ಮಿಯಾಯಿತಾ? ಹಡಗು ಓಲಾಡುವಾಗ ನೀನು ಮಾಡಿದ ಸೂಪು ಪಾತ್ರೆಯಲ್ಲೇ ನಿಲ್ಲುತ್ತದೋ, ಇಲ್ಲ ಕ್ಯಾಪ್ಟನ್ನಿನ ಮಡಿಲಿಗೆ ಹೋಗುತ್ತದೋ? ಇಲ್ಲಿ ನಾವು ಆರಾಮ. ಅಮ್ಮನ ಹೊಟ್ಟೆ, ಮಂಡಿ, ನಾಲಿಗೆ ಮೂರೂ ಕೆಲಸ ಮಾಡುತ್ತಿವೆ. ನಾಲಿಗೆ ಸ್ವಲ್ಪ ಓವರ್‌ಟೈಮ್ ಮಾಡುತ್ತದೆ. ಕಣ್ಣು ಮಾತ್ರ ಇನ್ನಷ್ಟು ಮಂಜಾಗಿದೆ. ಬೆಳಕು ಯಾವ ಕಡೆ ಇದೆ ಅನ್ನುವುದು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ನನ್ನ ಸೋಫಾ ರಿಪೇರಿ ಅಂಗಡಿ ನಡೆಯುತ್ತಿದೆ. ಜನ ಕೂರುವುದನ್ನು ಬಿಡುವವರೆಗೆ ನನ್ನ ಊಟಕ್ಕೆ ಚಿಂತೆಯಿಲ್ಲ. ನಿನ್ನ ಕಾಗದ ಬಂತು. ಹಡಗಿನಲ್ಲಿ ಇನ್ನೆರಡು ವರ್ಷಕ್ಕೆ ಸಹಿ ಹಾಕಲೋ, ಮನೆಗೆ ಬರಲೋ ಎಂದು ಕೇಳಿದ್ದೀಯ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿನ್ನ ಸ್ಕೂಟರಿನ ಸಮಾಚಾರ. ನಿಂತುಕೊಂಡು ಓದುತ್ತಿದ್ದರೆ ಕೂತುಕೋ.

ಹೋಗುವಾಗ ನೀನು ಏನು ಹೇಳಿದ್ದೆ? ‘ಅಣ್ಣಾ, ಗಾಡೀನ ಶೋರೂಮಿನವರ ಕೈಗೆ ಕೊಡ್ಬೇಡ, ನೀನಂತೂ ಮುಟ್ಲೇಬೇಡ.’ ಹಾಗಾದರೆ ಅದರ ಎಣ್ಣೆ ಬದಲಿಸುವವರು ಆಕಾಶದಿಂದ ಇಳಿದು ಬರುತ್ತಾರೇನೋ? ಹೋದ ತಿಂಗಳು ಅದು ತಿರುವು ತಿರುವಿಗೂ ನಿಂತು ಯೋಚನೆ ಮಾಡಲು ಶುರುಮಾಡಿತು. ತಳ್ಳಿಕೊಂಡು ಶೋರೂಮಿಗೆ ಹೋದೆ. ಗಾಜಿನ ಗೋಡೆ, ತಣ್ಣನೆ ಗಾಳಿ, ಗುಂಡಿ ಒತ್ತಿದರೆ ಕಾಫಿ. ಕೂರಲು ಸೋಫಾ ಕೊಟ್ಟರು. ಒಳಗಿನ ಸ್ಪ್ರಿಂಗ್ ಸರಿಯಿಲ್ಲ ಎಂದು ಅದನ್ನೇ ಪರೀಕ್ಷೆ ಮಾಡುತ್ತ ನಿದ್ದೆ ಹೋದೆ. ಎದ್ದಾಗ ನಿನ್ನ ಗಾಡಿ ಮದುಮಗನ ಹಾಗೆ ನಿಂತಿತ್ತು. ವಾಪಸ್ ಬರುವಾಗ ಸದ್ದೇ ಇಲ್ಲ ಕಣೋ. ಮೋಡದ ಮೇಲೆ ಕೂತ ಹಾಗೆ. ಮರದ ಎಲೆ ಅಲ್ಲಾಡಿದ್ದು ಕೇಳಿಸಿತು, ಯಾರದೋ ಮನೆಯ ರೇಡಿಯೋ ಕೇಳಿಸಿತು. ಒಂದೋ ಸರ್ವೀಸು ಬಹಳ ಚೆನ್ನಾಗಿ ಆಗಿದೆ, ಇಲ್ಲ ನಾನು ದಾರಿಯಲ್ಲೆಲ್ಲೋ ಸತ್ತಿದ್ದೇನೆ ಅಂದುಕೊಂಡೆ.

ಗೇಟಿನ ಹತ್ತಿರ ನಿಲ್ಲಿಸಿದರೆ ಕಿಟಕಿಯಲ್ಲಿ ಕೂತಿದ್ದ ಅಮ್ಮ, ‘ಯಾರಪ್ಪಾ ಅದು? ನಮ್ಮ ಹುಡುಗ ಇನ್ನೂ ಬಂದಿಲ್ಲ, ಆಮೇಲೆ ಬನ್ನಿ’ ಅಂದಳು. ನನ್ನ ಮನೆಯಿಂದ ನನ್ನನ್ನೇ ವಾಪಸ್ ಕಳಿಸಿದಳು. ನಾನು ನಕ್ಕೆ, ಅವಳು ನಗಲಿಲ್ಲ. ಮಾರನೆಯ ದಿನ ನೋಡಿದರೆ ಕುರ್ಚಿ ಕಿಟಕಿಗೆ ಬೆನ್ನು ಹಾಕಿತ್ತು. ಏನಾಯಿತು ಎಂದು ಪೀಡಿಸಿದ ಮೇಲೆ ಬಾಯಿ ಬಿಟ್ಟಳು. ಸೈಲೆನ್ಸರಿನ ಮುಚ್ಚಳ ಸಡಿಲವಾದಾಗ ನೀನು ಅವಳ ಖಾಲಿ ಪೌಡರ್ ಡಬ್ಬಿ ಕತ್ತರಿಸಿ ಸಂದಿಗೆ ತುರುಕಿದ್ದೆಯಲ್ಲ, ಗಾಡಿ ನಿಧಾನವಾದಾಗೆಲ್ಲ ಆ ತಗಡು, ಲೋಟಕ್ಕೆ ಚಮಚ ತಾಕಿದ ಹಾಗೆ, ಗಿಣಿಗಿಣಿ ಅನ್ನುತ್ತಿತ್ತು. ‘ಬೀದಿ ಮೂಲೆಯಿಂದ ಗೇಟಿನ ತನಕ ಆ ಸದ್ದು ಕೇಳ್ತಿದ್ರೆ ಇಬ್ರೂ ಬರ್ತಾ ಇದೀರಿ ಅನ್ಸೋದು. ಗೇಟಲ್ಲಿ ನಿನ್ನ ಕೆಮ್ಮು ಕೇಳಿದ ಮೇಲೇನೇ ನೀನೊಬ್ನೇ ಆಗ್ತಿದ್ದೆ’ ಅಂದಳು. ಮೂಲೆಯಿಂದ ಗೇಟಿಗೆ ಎಷ್ಟು ದೂರ ಹೇಳು. ಅಷ್ಟೇ ಜಾಗದಲ್ಲಿ ನೀನು ದಿನಾ ಮನೆಗೆ ಬರುತ್ತಿದ್ದೆ, ನನಗೇ ಗೊತ್ತಿರಲಿಲ್ಲ.

ಮತ್ತೆ ಶೋರೂಮಿಗೆ ಓಡಿದೆ. ಮೆಕ್ಯಾನಿಕ್ ಒಳ್ಳೆಯವನೇ. ‘ಸರ್, ಆ ಕಸ ತೆಗೆದು ಬಿಸಾಕಿ ಕಂಪನಿ ಪಾರ್ಟ್ ಹಾಕಿದೀನಿ, ಇನ್ನು ಸದ್ದು ಬಂದ್ರೆ ನನ್ನ ಕೇಳಿ’ ಅಂದ. ಸದ್ದು ಬರುತ್ತಿಲ್ಲ ಎಂದು ದೂರು ಕೊಡಲು ಬಂದ ಗಿರಾಕಿಯನ್ನು ಅವನು ಮೊದಲ ಸಲ ನೋಡಿದ್ದು. ಮನೆಗೆ ಬಂದು, ಅಂಗಳದಲ್ಲಿ ಹಳೆಯ ಸೋಫಾ ಬಟ್ಟೆ ಹಾಸಿ, ನಾನೇ ಬಿಚ್ಚಿದೆ. ಬೈಯಬೇಡ. ಬಿಚ್ಚಿದ ಸ್ಕ್ರೂಗಳನ್ನು ಅಮ್ಮನ ಸಾಸರಿನಲ್ಲಿ ಜೋಪಾನವಾಗಿ ಇಟ್ಟಿದ್ದೆ. ಬಿಸ್ಕತ್ ಡಬ್ಬಿಯ ಮುಚ್ಚಳ ಕತ್ತರಿಸಿ ಸಿಕ್ಕಿಸಿ ಬೀದಿ ಸುತ್ತಿ ಬಂದೆ. ಅಮ್ಮ ಒಳಗಿನಿಂದಲೇ, ‘ಇದು ಮೇಕೆ’ ಅಂದಳು. ಬಣ್ಣದ ಡಬ್ಬಿಯ ತಗಡು ಹಾಕಿದೆ. ‘ಇದು ಬಾಗಿಲು ಬಡಿಯೋ ಪೊಲೀಸು.’ ಆದರೆ ಒಂದು ನೋಡಿದೆ, ಪ್ರತಿ ಸಲವೂ ಕುರ್ಚಿ ಕಿಟಕಿಯ ಕಡೆ ಸ್ವಲ್ಪ ಸ್ವಲ್ಪ ತಿರುಗುತ್ತಿತ್ತು. ಕೊನೆಗೆ ಅವಳೇ ಗೋಡೆ ಸವರಿಕೊಂಡು ಬಂದು, ಈಗ ಹಚ್ಚಿಕೊಳ್ಳುವ ಪೌಡರ್ ಡಬ್ಬಿಯನ್ನು ನನ್ನ ಮುಂದೆ ಹಿಡಿದಳು. ‘ಕತ್ತರಿಸೋ, ಮುಖಕ್ಕೆ ಹಚ್ಕೊಂಡು ಯಾರಿಗೆ ತೋರಿಸ್ಲಿ.’ ಪೌಡರನ್ನು ಪೇಪರಿಗೆ ಸುರಿಯುವಾಗ ಗಾಳಿ ಬಂತು. ಅಂಗಳ, ಸ್ಕೂಟರು, ಅಮ್ಮ, ನಾನು ಎಲ್ಲ ಬೆಳ್ಳಗೆ, ಎಲ್ಲ ಘಮಘಮ. ಚಿಕ್ಕಂದಿನಲ್ಲಿ ನಮ್ಮಿಬ್ಬರನ್ನೂ ಒಟ್ಟಿಗೆ ಸ್ನಾನ ಮಾಡಿಸಿ ನಿಲ್ಲಿಸುತ್ತಿದ್ದಳಲ್ಲ, ಅದೇ ವಾಸನೆ.

ನಿನ್ನೆ ಸಂಜೆ ಮೂಲೆ ತಿರುಗಿದಾಗ ಗಿಣಿಗಿಣಿ ಬಂತು. ನಾನೇ ಕತ್ತರಿಸಿ ನಾನೇ ಸಿಕ್ಕಿಸಿದ ತಗಡು, ಆದರೂ ನಿಜ ಹೇಳುತ್ತೇನೆ, ಗಾಡಿ ಬಿಡುತ್ತಿರುವವನು ನೀನು, ನಾನು ಹಿಂದೆ ಕಾಲು ಇಳಿಬಿಟ್ಟು ಕೂತಿದ್ದೇನೆ ಅನ್ನಿಸಿತು. ಬೀದಿ ಉದ್ದವಾಗಲಿ ಎಂದು ನಿಧಾನಕ್ಕೆ ಬಂದೆ. ಒಂದು ನಾಯಿ ನನ್ನನ್ನು ದಾಟಿ ಮುಂದೆ ಹೋಯಿತು. ಗೇಟಿನಲ್ಲಿ ಬೇಕೆಂದೇ ಕೆಮ್ಮಲಿಲ್ಲ. ‘ಬಂದ್ಯಾ, ಚಿಕ್ಕೋನೇ?’ ಅಂದಳು. ತಮಾಷೆಗೆ ನಿನ್ನ ಪೀಚು ದನಿಯಲ್ಲಿ ‘ಹೂಂ ಅಮ್ಮಾ’ ಅಂದೆ. ಅವಳು ಎಷ್ಟೋ ದಿನದ ಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ‘ದೊಡ್ಡೋನೇ, ಸದ್ದು ರಿಪೇರಿ ಆಯ್ತು ಕಣೋ. ದನಿ ನಿನ್ನ ಕೈಲಿ ಆಗಲ್ಲ.’ ಈಗ ಕುರ್ಚಿ ಪೂರ್ತಿ ಕಿಟಕಿಯ ಕಡೆಗಿದೆ.

ಹುಷಾರಾಗಿರು. ಉಪ್ಪನ್ನು ನೋಡಿಕೊಂಡು ಹಾಕು, ಸುತ್ತ ಅಷ್ಟು ಇದೆ ಎಂದು ಸುರಿಯಬೇಡ. ಅಮ್ಮ ಇಲ್ಲಿಂದಲೇ ನಿನ್ನ ತಲೆ ಸವರಿದ್ದಾಳೆ ಎಂದು ತಿಳಿದುಕೋ.

ಇಂತಿ ನಿನ್ನ ಅಣ್ಣ,
ದೊಡ್ಡೋನು
(ಮೈತುಂಬ ಗ್ರೀಸು ಮತ್ತು ಪೌಡರು)

ಮರೆತಿದ್ದೆ: ಎಲ್ಲ ಜೋಡಿಸಿದ ಮೇಲೂ ಸಾಸರಿನಲ್ಲಿ ಒಂದು ಸ್ಕ್ರೂ ಉಳಿದಿದೆ. ಶೋರೂಮಿನಲ್ಲಿ ಕೇಳುತ್ತೇನೆ ಅಂದರೆ ಅಮ್ಮ ಕೊಡುತ್ತಿಲ್ಲ, ತನ್ನ ಕನ್ನಡಕದ ಡಬ್ಬಿಯಲ್ಲಿ ಮುಚ್ಚಿಟ್ಟುಕೊಂಡಿದ್ದಾಳೆ. ‘ಎಲ್ಲೀದು ಅಂತ ಅವನಿಗೇ ಗೊತ್ತು, ಅವನೇ ಬಂದು ಹಾಕ್ಲಿ’ ಅನ್ನುತ್ತಾಳೆ. ಅದನ್ನು ಹಾಕುವವರೆಗೆ ನಾನು ಗಾಡಿ ಹತ್ತುವುದಿಲ್ಲ, ಅಂಗಡಿಗೆ ನಡೆದೇ ಹೋಗುತ್ತೇನೆ. ಸಹಿ ಹಾಕಬೇಡ. ಬಾ.